ಸಿಟ್ಟಿನಿಂದ ನಿರ್ದೇಶಕನಾದವನು: ಬಿಲ್ಲಿ ವೈಲ್ಡರ್ ಬಗ್ಗೆ ಒಂದು ಪ್ರಶ್ನೆ, ಒಂದು ಉದ್ದದ ಉತ್ತರ

ಪ್ರಶ್ನೆ: ಕೆಲವು ವರ್ಷಗಳಿಂದ ಕನ್ನಡ ಸಿನಿಮಾಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಬರೆದದ್ದು ತೆರೆಗೆ ಬರುವಷ್ಟರಲ್ಲಿ ನನ್ನದೆಂದು ಗುರುತೇ ಹತ್ತುವುದಿಲ್ಲ. ಹಾಲಿವುಡ್‌ನ ಬಿಲ್ಲಿ ವೈಲ್ಡರ್ ಕೂಡ ಇಂಥದೇ ಸಿಟ್ಟಿನಲ್ಲಿ ನಿರ್ದೇಶಕನಾದ ಎಂದು ಓದಿದ್ದೇನೆ. ನಿಜವೇ? ನಾನೂ ನಿರ್ದೇಶನಕ್ಕೆ ಇಳಿಯಬಹುದೇ? ಇನ್ನೊಂದು ಮಾತು: ಕಥೆ ಕದ್ದುಬಿಡುತ್ತಾರೆ ಎಂಬ ಭಯದಿಂದ ನಾನು ಯಾರ ಜೊತೆಗೂ ಸೇರಿ ಬರೆಯುವುದಿಲ್ಲ. ಇದು ಸರಿಯೇ?
– ಓದುಗ, ಹಾಸನ

ಉತ್ತರ: ಸಿಟ್ಟಿನ ಕಥೆ ನಿಜ. ಆದರೆ ಅದನ್ನು ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಆ ಅರ್ಧವನ್ನೇ ಮೊದಲು ಹೇಳಿಬಿಡುತ್ತೇನೆ.

1941ರಲ್ಲಿ ತೆರೆಕಂಡ ‘ಹೋಲ್ಡ್ ಬ್ಯಾಕ್ ದಿ ಡಾನ್’ ಚಿತ್ರವನ್ನು ವೈಲ್ಡರ್ ಮತ್ತು ಅವನ ಬರವಣಿಗೆಯ ಜೊತೆಗಾರ ಚಾರ್ಲ್ಸ್ ಬ್ರಾಕೆಟ್ ಪ್ಯಾರಾಮೌಂಟ್ ಸ್ಟುಡಿಯೊಗೆ ಬರೆದುಕೊಟ್ಟಿದ್ದರು. ನಿರ್ದೇಶಕ ಮಿಚೆಲ್ ಲೈಸನ್, ನಾಯಕ ಚಾರ್ಲ್ಸ್ ಬೋಯೆ. ಅಮೆರಿಕದ ವೀಸಾಕ್ಕಾಗಿ ಮೆಕ್ಸಿಕೊದ ಗಡಿಯೂರಿನಲ್ಲಿ ಕಾದು ಕಾದು ಹತಾಶನಾದವನ ಕಥೆ ಅದು. ಒಂದು ದೃಶ್ಯದಲ್ಲಿ ಅವನು ಕೊಳಕು ಹೋಟೆಲಿನ ಹಾಸಿಗೆಯ ಮೇಲೆ ಬಿದ್ದುಕೊಂಡಿರುತ್ತಾನೆ. ಗೋಡೆಯ ಮೇಲೆ ಜಿರಳೆಯೊಂದು ಹತ್ತುತ್ತಿರುತ್ತದೆ. ಅವನು ಕೋಲು ಅಡ್ಡ ಹಿಡಿದು, ಗಡಿಯ ಅಧಿಕಾರಿಯ ಧಾಟಿಯಲ್ಲಿ, ಎಲ್ಲಿಗೆ ಹೊರಟೆ, ವೀಸಾ ಎಲ್ಲಿ ಎಂದು ಜಿರಳೆಯನ್ನೇ ವಿಚಾರಿಸಿಕೊಳ್ಳಬೇಕು.

ಈ ದೃಶ್ಯ ಗಾಳಿಯಿಂದ ಹುಟ್ಟಿದ್ದಲ್ಲ. ವೈಲ್ಡರ್ ಹುಟ್ಟಿದ್ದು 1906ರಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ, ಇಂದು ಪೋಲೆಂಡಿಗೆ ಸೇರಿದ ಸುಖಾ ಎಂಬ ಊರಿನಲ್ಲಿ. ಯಹೂದಿ ಕುಟುಂಬ. ವಿಯೆನ್ನಾದಲ್ಲಿ ಪತ್ರಕರ್ತನಾದ, ಬರ್ಲಿನ್ನಿನಲ್ಲಿ ಚಿತ್ರಕಥೆ ಬರೆಯಲು ಕಲಿತ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಪ್ಯಾರಿಸ್ಸಿಗೆ ಓಡಿದ, ಮರುವರ್ಷ ಹಾಲಿವುಡ್ಡಿಗೆ ಬಂದ. ಅಲ್ಲಿ ಕಾಯಂ ಆಗಿ ನೆಲೆಸಲು ದೇಶದಿಂದ ಒಮ್ಮೆ ಹೊರಗೆ ಹೋಗಿ ಹೊಸ ವೀಸಾ ಪಡೆದು ಬರಬೇಕಿತ್ತು. ಅದಕ್ಕೆಂದು ಮೆಕ್ಸಿಕೊದ ಗಡಿಯೂರು ಮೆಕ್ಸಿಕಾಲಿಯ ಅಮೆರಿಕನ್ ಕಾನ್ಸುಲೇಟಿನ ಮುಂದೆ ನಿಂತಾಗ ಅವನ ಬಳಿ ಬೇಕಾದ ಕಾಗದಪತ್ರಗಳೇ ಇರಲಿಲ್ಲ. ಏನು ಕೆಲಸ ಮಾಡುತ್ತೀಯ ಎಂದು ಅಧಿಕಾರಿ ಕೇಳಿದನಂತೆ. ಸಿನಿಮಾ ಬರೆಯುತ್ತೇನೆ ಎಂದನಂತೆ ಇವನು. ಅಧಿಕಾರಿ ಒಂದಿಷ್ಟು ಹೊತ್ತು ಅತ್ತಿಂದಿತ್ತ ಓಡಾಡಿ, ಕೊನೆಗೆ ಮುದ್ರೆ ಒತ್ತಿ, ಒಳ್ಳೆಯದನ್ನು ಬರೆ ಎಂದು ಕಳಿಸಿಕೊಟ್ಟನಂತೆ. 1988ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ಥಾಲ್‌ಬರ್ಗ್ ಪ್ರಶಸ್ತಿ ಸ್ವೀಕರಿಸಿದಾಗ, ಅರ್ಧ ಶತಮಾನದ ಹಿಂದಿನ ಆ ಅಧಿಕಾರಿಗೆ ವೈಲ್ಡರ್ ವೇದಿಕೆಯಿಂದಲೇ ಕೃತಜ್ಞತೆ ಹೇಳಿದ.

ಅಂಥ ದೃಶ್ಯವನ್ನು ಬೋಯೆ ಮಾಡಲಿಲ್ಲ. ಜಿರಳೆ ಉತ್ತರ ಕೊಡುವುದಿಲ್ಲ, ಅದರೊಂದಿಗೆ ಮಾತಾಡುವುದು ಮೂರ್ಖತನ ಎಂದ. ಲೈಸನ್ ತಲೆಯಾಡಿಸಿ ದೃಶ್ಯವನ್ನು ಕೈಬಿಟ್ಟ. ವಿಷಯ ವೈಲ್ಡರ್‌ಗೆ ಗೊತ್ತಾದದ್ದು ಸೆಟ್ಟಿನಲ್ಲಿ ಅಲ್ಲ, ಊಟದ ಹೋಟೆಲಿನಲ್ಲಿ. ಏಕೆಂದರೆ ಆ ಕಾಲದಲ್ಲಿ ಬರಹಗಾರನಿಗೆ ಸೆಟ್ಟಿಗೆ ಪ್ರವೇಶವೇ ಇರಲಿಲ್ಲ. ಆಗ ಚಿತ್ರಕಥೆಯ ಕೊನೆಯ ಭಾಗ ಇನ್ನೂ ಬರೆದಾಗಿರಲಿಲ್ಲ. ಜಿರಳೆಯೊಂದಿಗೆ ಮಾತಾಡದವನು ಯಾರೊಂದಿಗೂ ಮಾತಾಡುವುದು ಬೇಡ ಎಂದು ವೈಲ್ಡರ್, ಬ್ರಾಕೆಟ್ ಇಬ್ಬರೂ ಸೇರಿ ಬೋಯೆಯ ಮಾತುಗಳನ್ನು ಕತ್ತರಿಸಿ ನಾಯಕಿ ಒಲಿವಿಯಾ ಡಿ ಹ್ಯಾವಿಲೆಂಡ್ ಪಾತ್ರಕ್ಕೆ ಕೊಟ್ಟುಬಿಟ್ಟರು. ನಿಮ್ಮಂಥವರು ಇದನ್ನು ಓದಿ ಚಪ್ಪಾಳೆ ತಟ್ಟುತ್ತೀರಿ. ನಾನೂ ತಟ್ಟಿದ್ದೇನೆ.

ಇನ್ನು ಉಳಿದ ಅರ್ಧ.

ಸಿಟ್ಟು ಬಂದ ಕೂಡಲೇ ಪ್ಯಾರಾಮೌಂಟ್ ಅವನ ಕೈಗೆ ಕ್ಯಾಮೆರಾ ಕೊಡಲಿಲ್ಲ. ಆ ಹೊತ್ತಿಗೆ ಅವನೂ ಬ್ರಾಕೆಟ್ಟೂ ಜೋಡಿಯಾಗಿ ಐದಾರು ವರ್ಷ ದುಡಿದಿದ್ದರು. ‘ನಿನೋಚ್ಕಾ’ ಚಿತ್ರ ಅವರ ಬೆನ್ನಿಗಿತ್ತು, ಆಸ್ಕರ್ ನಾಮನಿರ್ದೇಶನಗಳಿದ್ದವು, ಸ್ಟುಡಿಯೊಗೆ ಅವರನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಜೊತೆಗೆ ಬಾಗಿಲನ್ನು ಬೇರೆಯವರು ಆಗಲೇ ತೆರೆದಿದ್ದರು. ಬರಹಗಾರ ಪ್ರೆಸ್ಟನ್ ಸ್ಟರ್ಜಸ್ ‘ದಿ ಗ್ರೇಟ್ ಮೆಗಿಂಟಿ’ ಚಿತ್ರಕಥೆಯನ್ನು ತಾನೇ ನಿರ್ದೇಶಿಸುವ ಷರತ್ತಿನ ಮೇಲೆ ಇದೇ ಸ್ಟುಡಿಯೊಗೆ ಹೆಸರಿಗಷ್ಟೇ ಹತ್ತು ಡಾಲರಿಗೆ ಮಾರಿದ್ದ. 1940ರಲ್ಲಿ ಬಂದ ಆ ಚಿತ್ರಕ್ಕೆ ಚಿತ್ರಕಥೆಯ ಆಸ್ಕರ್ ಸಿಕ್ಕಿತು. 1941ರಲ್ಲಿ ವಾರ್ನರ್ ಸ್ಟುಡಿಯೊದ ಬರಹಗಾರ ಜಾನ್ ಹ್ಯೂಸ್ಟನ್ ‘ದಿ ಮಾಲ್ಟೀಸ್ ಫಾಲ್ಕನ್’ ಮಾಡಿ ಗೆದ್ದ. ವೈಲ್ಡರ್ ಮೂರನೆಯವನು.

ಹೋದದ್ದೂ ಬರಿಗೈಯಲ್ಲಿ ಅಲ್ಲ. ತಾವೇ ಬರೆದ ‘ಬಾಲ್ ಆಫ್ ಫೈರ್’ ಚಿತ್ರವನ್ನು ಹೊವರ್ಡ್ ಹಾಕ್ಸ್ ನಿರ್ದೇಶಿಸುವಾಗ, ಸೆಟ್ಟಿನಲ್ಲಿ ಕೂತು ನೋಡಲು ಅನುಮತಿ ಪಡೆದು ವಿದ್ಯಾರ್ಥಿಯಂತೆ ಕೂತ. ಆಮೇಲೆ ಹಾಲಿವುಡ್ಡಿನ ಮೊದಲ ಚಿತ್ರಕ್ಕೆ ಆರಿಸಿಕೊಂಡ ಕಥೆ ನೋಡಿ: ರೈಲಿನ ಅರ್ಧ ಟಿಕೆಟ್ಟಿಗಾಗಿ ಹನ್ನೆರಡು ವರ್ಷದ ಹುಡುಗಿಯ ವೇಷ ಹಾಕುವ ಯುವತಿಯ ಹಾಸ್ಯ. ಚಿತ್ರದ ಹೆಸರು ‘ದಿ ಮೇಜರ್ ಅಂಡ್ ದಿ ಮೈನರ್’, ವರ್ಷ 1942, ನಾಯಕಿ ಆಗಷ್ಟೇ ಆಸ್ಕರ್ ಗೆದ್ದಿದ್ದ ಜಿಂಜರ್ ರಾಜರ್ಸ್. ಇವನು ಏನೋ ಜರ್ಮನ್ ಶೈಲಿಯ ಘನಗಂಭೀರ ಚಿತ್ರ ಮಾಡಿ ಮುಗ್ಗರಿಸುತ್ತಾನೆ, ಆಮೇಲೆ ತೆಪ್ಪಗೆ ಟೈಪ್‌ರೈಟರಿನ ಮುಂದೆ ಬಂದು ಕೂರುತ್ತಾನೆ ಎಂದು ಎಲ್ಲರೂ ಕಾಯುತ್ತಿದ್ದರು, ಅದಕ್ಕೇ ತನಗೆ ಸಾಧ್ಯವಾದಷ್ಟು ವ್ಯಾಪಾರಿ ಚಿತ್ರವನ್ನೇ ಮಾಡಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಮೊದಲ ಚಿತ್ರದಲ್ಲೇ ಜೀವಮಾನದ ತತ್ವವನ್ನೆಲ್ಲ ತುಂಬಿ ಎರಡನೆಯದಕ್ಕೆ ನಿರ್ಮಾಪಕ ಸಿಗದೆ ಅಲೆಯುವವರನ್ನು ನೀವೂ ಬಲ್ಲಿರಿ.

ಆ ಸೆಟ್ಟಿನಲ್ಲಿ ಅವನ ಪಕ್ಕದಲ್ಲಿ ನಿಂತವನು ಸಂಕಲನಕಾರ ಡೋನ್ ಹ್ಯಾರಿಸನ್. ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಸಂಕಲನಕಾರನಿಗೆ ಕೆಲಸ ಶುರುವಾಗುವುದು ಚಿತ್ರೀಕರಣದ ನಂತರ. ಹ್ಯಾರಿಸನ್ ಮಾತ್ರ ಪ್ರತಿ ಶಾಟ್ ತೆಗೆಯುವ ಮೊದಲೇ, ಇದು ಎಲ್ಲಿ ಕತ್ತರಿಸುತ್ತದೆ, ಮುಂದಿನದು ಎಲ್ಲಿಂದ ಹತ್ತಿಕೊಳ್ಳುತ್ತದೆ ಎಂದು ವೈಲ್ಡರ್ ಜೊತೆ ತೀರ್ಮಾನಿಸುತ್ತಿದ್ದ. ಹೀಗಾಗಿ ಬೇಕಾದಷ್ಟೇ ಫಿಲ್ಮ್ ಖರ್ಚಾಗುತ್ತಿತ್ತು. ಸ್ಟುಡಿಯೊದ ದೊಡ್ಡವರು ಆಮೇಲೆ ಬೇರೆ ಥರ ಜೋಡಿಸೋಣ ಎಂದರೆ ಜೋಡಿಸಲು ಹೆಚ್ಚುವರಿ ತುಣುಕೇ ಇರುತ್ತಿರಲಿಲ್ಲ. ಬರೆದದ್ದನ್ನು ಕಾಪಾಡಿಕೊಂಡದ್ದು ಹೀಗೆ, ಕೂಗಾಡಿ ಅಲ್ಲ.

ಈಗ ಅಸಲು ಪ್ರಶ್ನೆಗೆ ಬರೋಣ. ಅವನು ಕಾಪಾಡಿದ್ದು ಏನನ್ನು? ವಾಕ್ಯಗಳನ್ನು ಎಂದು ನೀವು ಅಂದುಕೊಂಡಿದ್ದೀರಿ. ನಟರು ಒಂದು ಪದವನ್ನೂ ಬದಲಿಸಕೂಡದು ಎಂಬ ಹಟ ಅವನಿಗಿದ್ದದ್ದು ನಿಜ. ಬರವಣಿಗೆಯಲ್ಲಿ ಅವನ ಎರಡನೆಯ ದೀರ್ಘಕಾಲದ ಜೊತೆಗಾರ ಐ. ಎ. ಎಲ್. ಡೈಮಂಡ್ ಸೆಟ್ಟಿನಲ್ಲಿ ಕೂತು ಪ್ರತಿಯ ಮೇಲೆ ಕಣ್ಣಿಟ್ಟಿರುತ್ತಿದ್ದದ್ದೂ ನಿಜ. ಆದರೆ ಆ ಹಟದ ಹಿಂದೆ ಇದ್ದದ್ದು ಪ್ರೇಕ್ಷಕನ ಕಿವಿಯ ಲೆಕ್ಕ. ‘ಸಮ್ ಲೈಕ್ ಇಟ್ ಹಾಟ್’ ಚಿತ್ರದ ಒಂದು ದೃಶ್ಯ ಇದಕ್ಕೆ ಸಾಕು. 1959ರ ಈ ಚಿತ್ರ ನಮ್ಮಲ್ಲಿ ‘ರಫೂ ಚಕ್ಕರ್’ ಎಂದು ಹಿಂದಿಗೂ ಬಂತು. ಹೆಣ್ಣಿನ ವೇಷದಲ್ಲಿ ತಲೆಮರೆಸಿಕೊಂಡಿರುವ ಜ್ಯಾಕ್ ಲೆಮ್ಮನ್, ತನಗೆ ಒಬ್ಬ ಕೋಟ್ಯಧೀಶನ ಜೊತೆ ನಿಶ್ಚಿತಾರ್ಥವಾಗಿದೆ ಎಂದು ಗೆಳೆಯ ಟೋನಿ ಕರ್ಟಿಸ್‌ಗೆ ಸಂಭ್ರಮದಿಂದ ಹೇಳುತ್ತಾನೆ. ಸಾಲು ಸಾಲಾಗಿ ನಗೆಮಾತುಗಳು. ಒಂದಕ್ಕೆ ಜನ ನಕ್ಕರೆ ಮುಂದಿನದು ಆ ನಗುವಿನಲ್ಲಿ ಮುಳುಗಿ ಹೋಗುತ್ತದೆ. ನಟ ಸುಮ್ಮನೆ ಕಾದರೆ ದೃಶ್ಯ ತಣ್ಣಗಾಗುತ್ತದೆ. ವೈಲ್ಡರ್ ಲೆಮ್ಮನ್ ಕೈಗೆ ಒಂದು ಜೊತೆ ಮರಾಕಾ ಕೊಟ್ಟ, ಅಂದರೆ ಅಲ್ಲಾಡಿಸಿದರೆ ಗಲಗಲ ಎನ್ನುವ ವಾದ್ಯ. ಒಂದು ಮಾತು, ಆಮೇಲೆ ಮರಾಕಾ ಅಲ್ಲಾಡಿಸಿ ನಾಲ್ಕು ಹೆಜ್ಜೆ ಕುಣಿತ, ಮತ್ತೊಂದು ಮಾತು. ಚಿತ್ರಮಂದಿರದ ಸಾವಿರ ಜನ ನಕ್ಕು ಸುಮ್ಮನಾಗುವಷ್ಟು ಜಾಗ ಆ ಕುಣಿತದಲ್ಲಿದೆ. ಸೆಟ್ಟಿನಲ್ಲಿ ನಿಂತಿದ್ದವರಿಗೆ ಇದೇನು ಅತಿಯಾಯಿತು ಎನಿಸಿದ್ದರೆ ಆಶ್ಚರ್ಯವಿಲ್ಲ. ನಿರ್ದೇಶಕನೊಳಗಿನ ಸಂಭಾಷಣೆಕಾರ ಮಾಡುವ ಕೆಲಸ ಇದು.

ಇದಕ್ಕಿಂತ ದೊಡ್ಡ ಪಾಠ 1960ರ ‘ದಿ ಅಪಾರ್ಟ್‌ಮೆಂಟ್’ ಚಿತ್ರದ ಒಡೆದ ಕನ್ನಡಿ. ವಿಮಾ ಕಂಪನಿಯ ಗುಮಾಸ್ತ ಬ್ಯಾಕ್ಸ್‌ಟರ್, ಬಡ್ತಿಯ ಆಸೆಗೆ ತನ್ನ ಮನೆಯ ಕೀಲಿಕೈಯನ್ನು ಮೇಲಧಿಕಾರಿಗಳ ಗುಟ್ಟಿನ ಪ್ರಣಯಗಳಿಗೆ ಕೊಡುತ್ತಿರುತ್ತಾನೆ. ಲಿಫ್ಟ್ ನಡೆಸುವ ಫ್ರಾನ್ ಎಂಬ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಒಂದು ದಿನ ಮನೆಯಲ್ಲಿ ಯಾರೋ ಬಿಟ್ಟುಹೋದ ಪೌಡರ್ ಡಬ್ಬಿ ಸಿಗುತ್ತದೆ, ಒಳಗಿನ ಕನ್ನಡಿ ಬಿರುಕು ಬಿಟ್ಟಿದೆ. ಅದನ್ನು ಅಧಿಕಾರಿ ಶೆಲ್ಡ್ರೇಕ್‌ಗೆ ವಿಧೇಯನಾಗಿ ಹಿಂದಿರುಗಿಸುತ್ತಾನೆ. ಇದೊಂದು ಸಣ್ಣ ನಗೆಯ ಸಂದರ್ಭದಂತೆ ದಾಟಿಹೋಗುತ್ತದೆ. ಆಮೇಲೆ ಕಚೇರಿಯಲ್ಲಿ ಕ್ರಿಸ್‌ಮಸ್ ಗದ್ದಲ. ಬಡ್ತಿ ಸಿಕ್ಕ ಖುಷಿಯಲ್ಲಿ ಬ್ಯಾಕ್ಸ್‌ಟರ್ ಹೊಸ ಟೊಪ್ಪಿ ಹಾಕಿಕೊಂಡು, ಹೇಗಿದೆ ಎಂದು ಫ್ರಾನ್‌ಳನ್ನು ಕೇಳುತ್ತಾನೆ. ನೀವೇ ನೋಡಿಕೊಳ್ಳಿ ಎಂದು ಅವಳು ತನ್ನ ಪೌಡರ್ ಡಬ್ಬಿ ತೆರೆದು ಕೊಡುತ್ತಾಳೆ. ಬಿರುಕು ಬಿಟ್ಟ ಕನ್ನಡಿ. ಎರಡು ತುಂಡಾದ ತನ್ನದೇ ಮುಖ. ತನ್ನ ಹಾಸಿಗೆಗೆ ಶೆಲ್ಡ್ರೇಕ್ ಕರೆತರುತ್ತಿದ್ದವಳು ಯಾರೆಂದು ಅವನಿಗೆ ಗೊತ್ತಾಗುವುದು ಆ ಕ್ಷಣಕ್ಕೆ. ಕನ್ನಡಿ ಒಡೆದಿದೆ ಎನ್ನುತ್ತಾನೆ ಅಷ್ಟೇ. ಗೊತ್ತು, ಹಾಗಿದ್ದರೇ ನನಗೆ ಇಷ್ಟ, ನನ್ನ ಮನಸ್ಸು ಹೇಗಿದೆಯೋ ಹಾಗೆ ಕಾಣುತ್ತೇನೆ ಎನ್ನುತ್ತಾಳೆ ಅವಳು. ‘ಅಯ್ಯೋ ನೀನೇನಾ ಅವಳು’ ಎಂಬ ಸಾಲು ಇಲ್ಲ. ಹಿನ್ನೆಲೆಯ ಆರ್ಭಟವಿಲ್ಲ, ಮುಖಕ್ಕೆ ಮೂರು ಸಲ ಜೂಮ್ ಇಲ್ಲ. ಹಿಂದೆ ನೋಡಿದ ಡಬ್ಬಿಯನ್ನು ಪ್ರೇಕ್ಷಕನೇ ನೆನಪಿಸಿಕೊಂಡು ಲೆಕ್ಕ ಕೂಡಿಸಬೇಕು. ಎರಡಕ್ಕೆ ಎರಡು ಸೇರಿಸುವ ಕೆಲಸವನ್ನು ಪ್ರೇಕ್ಷಕನಿಗೇ ಬಿಡು ಎಂಬುದು ಅವನು ಗುರುವೆಂದು ಒಪ್ಪಿದ ನಿರ್ದೇಶಕ ಅರ್ನ್ಸ್ಟ್ ಲ್ಯೂಬಿಶ್‌ನಿಂದ ಕಲಿತ ಪಟ್ಟು. ‘ಲ್ಯೂಬಿಶ್ ಆಗಿದ್ದರೆ ಇದನ್ನು ಹೇಗೆ ಮಾಡುತ್ತಿದ್ದ?’ ಎಂಬ ಫಲಕವೇ ಅವನ ಕಚೇರಿಯ ಗೋಡೆಯ ಮೇಲಿತ್ತು.

ಆ ದೃಶ್ಯದಲ್ಲಿ ಸಂಭಾಷಣೆ ಎಷ್ಟಿದೆ ಎಂದು ಎಣಿಸಿ ನೋಡಿ, ನಿಮ್ಮ ದೂರಿನ ಸ್ವರೂಪವೇ ಬದಲಾದೀತು. ನಿಮ್ಮ ಯಾವ ಸಾಲುಗಳು ಹಾಳಾದವು ಎಂದು ಬರೆದಿದ್ದೀರಿ (ಪತ್ರದ ಉದ್ದದ ಭಾಗವನ್ನು ಇಲ್ಲಿ ಕೊಟ್ಟಿಲ್ಲ). ಅವುಗಳಲ್ಲಿ ಹೆಚ್ಚಿನವು ಪಾತ್ರಕ್ಕೆ ಅನಿಸಿದ್ದನ್ನು ಪಾತ್ರದ ಬಾಯಿಂದಲೇ ಹೇಳಿಸುವ ಸಾಲುಗಳು. ಕತ್ತರಿಸಿದವರ ಉದ್ದೇಶ ಏನೇ ಇರಲಿ, ಕೆಲವನ್ನಾದರೂ ಕತ್ತರಿಸಿದ್ದು ಒಳ್ಳೆಯದಾಯಿತು.

ವೈಲ್ಡರ್ ತನ್ನ ಬರಹದ ಮೇಲೆಯೇ ಕತ್ತರಿ ಆಡಿಸಿದ ಎರಡು ಪ್ರಸಂಗಗಳಿವೆ. 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ಕೊಲೆಗಾರ ನಾಯಕನನ್ನು ವಿಷಾನಿಲದ ಕೋಣೆಯಲ್ಲಿ ಮರಣದಂಡನೆಗೆ ಒಳಪಡಿಸುವ ಅಂತ್ಯವನ್ನು ಬರೆದು, ಸೆಟ್ ಹಾಕಿಸಿ, ಚಿತ್ರೀಕರಿಸಿಯೂ ಆಗಿತ್ತು. ಆದರೆ ಅದಕ್ಕೂ ಮೊದಲಿನ ದೃಶ್ಯದಲ್ಲಿ, ಬಾಗಿಲ ಬಳಿ ಕುಸಿದು ಬಿದ್ದ ನಾಯಕ ಸಿಗರೇಟು ಬಾಯಿಗಿಟ್ಟಾಗ ಗೆಳೆಯ ಕೀಸ್ ಕಡ್ಡಿ ಗೀರಿ ಹಚ್ಚಿಕೊಡುತ್ತಾನೆ. ಇಡೀ ಚಿತ್ರದಲ್ಲಿ ಕೀಸ್‌ನ ಚುಟ್ಟಕ್ಕೆ ಬೆಂಕಿ ಹಚ್ಚಿಕೊಟ್ಟವನು ಇದೇ ನಾಯಕ. ಆ ಒಂದು ಕಡ್ಡಿಯಲ್ಲಿ ಕಥೆ ಮುಗಿದುಹೋಗಿತ್ತು. ಮರಣದಂಡನೆಯ ದೃಶ್ಯ ಡಬ್ಬಕ್ಕೆ ಹೋಯಿತು. 1950ರ ‘ಸನ್‌ಸೆಟ್ ಬುಲೆವಾರ್ಡ್’ ಶವಾಗಾರದಲ್ಲಿ ಹೆಣಗಳು ಪರಸ್ಪರ ಮಾತಾಡಿಕೊಳ್ಳುವ ದೃಶ್ಯದಿಂದ ಶುರುವಾಗುತ್ತಿತ್ತು. ಇಲಿನಾಯ್ ರಾಜ್ಯದ ಎವನ್‌ಸ್ಟನ್‌ನಲ್ಲಿ ಪೂರ್ವಪ್ರದರ್ಶನ ಇಟ್ಟಾಗ ಜನ ನಗತೊಡಗಿದರು, ಬೇಡದ ಕಡೆ ಬಂದ ನಗು. ಅದನ್ನೂ ಕಿತ್ತುಹಾಕಿದ. ಇಂದು ನಾವು ನೋಡುವುದು ಈಜುಕೊಳದಲ್ಲಿ ಬೋರಲಾಗಿ ತೇಲುವ ಹೆಣ, ಅದರದೇ ದನಿಯಲ್ಲಿ ಕಥೆ.

ಯಾರೊಂದಿಗೂ ಸೇರಿ ಬರೆಯುವುದಿಲ್ಲ ಎಂದಿದ್ದೀರಿ. ವೈಲ್ಡರ್ ಹಾಲಿವುಡ್ಡಿನಲ್ಲಿ ನಿರ್ದೇಶಿಸಿದ್ದು 25 ಚಿತ್ರಗಳು. ಅವುಗಳಲ್ಲಿ ಒಂದರ ಚಿತ್ರಕಥೆಯನ್ನೂ ಅವನು ಒಬ್ಬನೇ ಬರೆಯಲಿಲ್ಲ. ಬಂದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಅದಕ್ಕೆ ಜೊತೆಗಾರ ಬೇಕಿತ್ತು ಎನ್ನುವುದು ಮೊದಲ ಕೆಲವು ವರ್ಷಗಳಿಗೆ ಒಪ್ಪುವ ಮಾತು. ಮೂರು ಚಿತ್ರಕಥೆಗಳಿಗೆ ಆಸ್ಕರ್ ಗೆದ್ದ ಮೇಲೂ ಜೊತೆಗಾರ ಏಕೆ?

ಬ್ರಾಕೆಟ್‌ನನ್ನು ನೋಡಿ. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಶ್ರೀಮಂತ, ನ್ಯೂಯಾರ್ಕರ್ ಪತ್ರಿಕೆಯ ನಾಟಕ ವಿಮರ್ಶಕ, ರಾಜಕೀಯವಾಗಿ ಸಂಪ್ರದಾಯಸ್ಥ. ವೈಲ್ಡರ್ ಎಲ್ಲದರಲ್ಲೂ ತದ್ವಿರುದ್ಧ. 1936ರಲ್ಲಿ ಸ್ಟುಡಿಯೊ ಇವರಿಬ್ಬರನ್ನು ಒಂದು ಕೋಣೆಗೆ ಹಾಕಿತು. ಬ್ರಾಕೆಟ್ ಸೋಫಾದ ಮೇಲೆ ಒರಗಿ ಹಳದಿ ಕಾಗದದಲ್ಲಿ ಬರೆದುಕೊಳ್ಳುವುದು, ವೈಲ್ಡರ್ ಕೈಯಲ್ಲಿ ಬೆತ್ತ ತಿರುಗಿಸುತ್ತ ಅತ್ತಿಂದಿತ್ತ ಓಡಾಡುವುದು, ನಡುವೆ ಜಗಳ, ಕೈಗೆ ಸಿಕ್ಕಿದ್ದನ್ನು ಎಸೆಯುವುದು. ಪ್ರತಿ ಗುರುವಾರ 11 ಪುಟ ಒಪ್ಪಿಸಬೇಕಿತ್ತು, ಗುರುವಾರವೇ ಏಕೆ, ಹನ್ನೊಂದೇ ಏಕೆ ಯಾರಿಗೂ ಗೊತ್ತಿರಲಿಲ್ಲ ಎಂದು ವೈಲ್ಡರ್ ನಗುತ್ತಿದ್ದ. ‘ದಿ ಲಾಸ್ಟ್ ವೀಕೆಂಡ್’ ಎಂಬ ಈ ಜೋಡಿಯ 1945ರ ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂದವು.

‘ಡಬಲ್ ಇಂಡೆಮ್ನಿಟಿ’ಯ ಕಥೆ ಬ್ರಾಕೆಟ್‌ಗೆ ಹೇಸಿಗೆ ಎನಿಸಿತು. ಅವನ ಬದಲಿಗೆ ಬಂದವನು ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್. ಚಿತ್ರಕಥೆ ಬರೆದು ಗೊತ್ತಿಲ್ಲ, ವೈಲ್ಡರ್‌ನನ್ನು ಕಂಡರೆ ಆಗುವುದಿಲ್ಲ. ನನ್ನ ಮೂಗಿನ ಮುಂದೆ ಬೆತ್ತ ಆಡಿಸಬಾರದು, ಕಿಟಕಿ ತೆರೆ ಎಂದು ಹುಕುಂ ಮಾಡಬಾರದು ಎಂದು ಸ್ಟುಡಿಯೊಗೆ ಲಿಖಿತ ದೂರು ಕೊಟ್ಟ. ಆದರೂ ಆ ಚಿತ್ರಕ್ಕೆ ಅತಿ ದೊಡ್ಡ ಉಪಕಾರ ಮಾಡಿದವನು ಅವನೇ. ಮೂಲ ಕಾದಂಬರಿಕಾರ ಜೇಮ್ಸ್ ಕೇನ್ ಬರೆದ ಸಂಭಾಷಣೆ ಪುಟದ ಮೇಲೆ ಬಹಳ ಚೆನ್ನಾಗಿದೆ, ಹಾಗೇ ಇಡೋಣ ಎಂದು ವೈಲ್ಡರ್ ಹಟ ಹಿಡಿದಿದ್ದ. ಅದು ಕಣ್ಣಿಗೆ ಬರೆದದ್ದು, ಕಿವಿಗಲ್ಲ ಎಂದ ಚಾಂಡ್ಲರ್. ಸ್ಟುಡಿಯೊದ ನಟರನ್ನು ಕರೆಸಿ ಗಟ್ಟಿಯಾಗಿ ಓದಿಸಿದರು. ಚಾಂಡ್ಲರ್ ಗೆದ್ದ. ನಿಮ್ಮ ಸಂಭಾಷಣೆಯನ್ನು ಯಾರಿಂದಲಾದರೂ ಗಟ್ಟಿಯಾಗಿ ಓದಿಸಿದ್ದೀರಾ? ನೀವೇ ಓದಿದರೆ ಸಾಲದು. ಬರೆದವನ ಬಾಯಲ್ಲಿ ಎಲ್ಲ ಸಾಲೂ ಚೆನ್ನಾಗಿಯೇ ಕೇಳಿಸುತ್ತದೆ.

‘ಸನ್‌ಸೆಟ್ ಬುಲೆವಾರ್ಡ್’ ಮುಗಿಯುತ್ತಿದ್ದಂತೆ ಬ್ರಾಕೆಟ್ ಜೊತೆಗಿನ ನಂಟು ಮುರಿಯಿತು; ವೈಲ್ಡರ್ ಮುರಿದ, ಬ್ರಾಕೆಟ್ ನೊಂದ. ಕೆಲವು ವರ್ಷ ಚಿತ್ರಕ್ಕೊಬ್ಬ ಜೊತೆಗಾರ. 1957ರಲ್ಲಿ ‘ಲವ್ ಇನ್ ದಿ ಆಫ್ಟರ್‌ನೂನ್’ ಚಿತ್ರದಿಂದ ಡೈಮಂಡ್. ರೊಮೇನಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವನು, ಮಿತಭಾಷಿ, ಗಣಿತದಲ್ಲಿ ಚುರುಕು. ಒಂದು ಹೊಳಹನ್ನು ಮೆಚ್ಚಿದರೆ ‘ಆಗಬಹುದಲ್ಲ’ ಎನ್ನುವುದೇ ಅವನ ಅತ್ಯುನ್ನತ ಹೊಗಳಿಕೆ. ಇಬ್ಬರೂ 1981ರವರೆಗೆ 12 ಚಿತ್ರ ಬರೆದರು. ‘ಸಮ್ ಲೈಕ್ ಇಟ್ ಹಾಟ್’ನ ಕೊನೆಯ ಮಾತು, ‘ಯಾರೂ ಪರಿಪೂರ್ಣರಲ್ಲ ಬಿಡು’ ಎನ್ನುವ ಆ ಜಗತ್ಪ್ರಸಿದ್ಧ ಸಾಲು, ಡೈಮಂಡ್‌ಗೆ ಹೊಳೆದದ್ದು. ಸದ್ಯಕ್ಕೆ ಇದಿರಲಿ, ಇದಕ್ಕಿಂತ ಒಳ್ಳೆಯದು ಸಿಕ್ಕರೆ ಬದಲಿಸೋಣ ಎಂದು ಇಟ್ಟದ್ದು ಹಾಗೇ ಉಳಿಯಿತು. ವೈಲ್ಡರ್ ಜೀವಮಾನವಿಡೀ ಆ ಸಾಲಿನ ಯಶಸ್ಸನ್ನು ಡೈಮಂಡ್‌ಗೇ ಕೊಟ್ಟ. ಮರುವರ್ಷದ ‘ದಿ ಅಪಾರ್ಟ್‌ಮೆಂಟ್’ಗೆ ಐದು ಆಸ್ಕರ್ ಬಂದವು: ನಿರ್ಮಾಪಕ, ನಿರ್ದೇಶಕ, ಬರಹಗಾರನಾಗಿ ವೈಲ್ಡರ್ ಒಂದೇ ರಾತ್ರಿ ಮೂರು ಒಯ್ದ, ಮೂರನೆಯದರಲ್ಲಿ ಡೈಮಂಡ್ ಪಾಲೂ ಇತ್ತು.

ಕಥೆ ಕದಿಯುವ ಭಯದ ಬಗ್ಗೆ ಹೇಳುವಾಗ ನಿಮ್ಮ ನಾಯಕನ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. 1951ರಲ್ಲಿ ಅವನು ‘ಏಸ್ ಇನ್ ದಿ ಹೋಲ್’ ಮಾಡಿದ: ಗುಹೆಯಲ್ಲಿ ಸಿಕ್ಕಿಬಿದ್ದವನ ರಕ್ಷಣೆಯನ್ನು ಬೇಕೆಂದೇ ತಡಮಾಡಿಸಿ ಸುದ್ದಿ ಮಾರಿಕೊಳ್ಳುವ ಪತ್ರಕರ್ತನ ಕಥೆ. 1925ರಲ್ಲಿ ಕೆಂಟಕಿಯ ಗುಹೆಯೊಂದರಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬಾತ ಸಿಕ್ಕಿ ಸತ್ತ ಪ್ರಕರಣ ಅದರ ಹಿಂದಿದೆ. ಆ ಪ್ರಕರಣದ ಮೇಲೆ ಕಥೆ ಮಾಡಿಕೊಂಡು ತಾನು ವೈಲ್ಡರ್ ಕಚೇರಿಗೆ ಫೋನ್ ಮಾಡಿ ಕಾರ್ಯದರ್ಶಿಗೆ ಹೇಳಿದ್ದೆ, ಆಕೆ ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದಳು ಎಂದು ಡೆಸ್ನಿ ಎಂಬ ಬರಹಗಾರ ದಾವೆ ಹೂಡಿದ. 1956ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಬರಹಗಾರನ ಪರವಾಗಿ ಒಂದು ಬಾಗಿಲು ತೆರೆಯಿತು: ಬಳಸಿದರೆ ಹಣ ಕೊಡಬೇಕು ಎಂಬ ತಿಳಿವಳಿಕೆಯ ಮೇಲೆ ಹೇಳಿದ ಕಥಾ ಎಳೆಗೆ, ಬರಹದ ಒಪ್ಪಂದ ಇಲ್ಲದಿದ್ದರೂ, ಕರಾರಿನ ಬಲ ಇರಬಹುದು ಎಂದಿತು. ಅಮೆರಿಕದ ಮನರಂಜನಾ ಕಾನೂನು ಓದುವವರೆಲ್ಲ ಇಂದಿಗೂ ಈ ತೀರ್ಪನ್ನು ಓದುತ್ತಾರೆ. ನಮ್ಮಲ್ಲಿ 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಬರೀ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದ ರೂಪಕ್ಕಿದೆ ಎಂದು. ಆದ್ದರಿಂದ ಹೋಟೆಲಿನ ಮೇಜಿನಲ್ಲಿ ಒಂದೆಳೆ ಹೇಳಿ ಆಮೇಲೆ ಕೊರಗುವ ಬದಲು ಪೂರ್ತಿ ಬರೆಯಿರಿ, ತಾರೀಖು ಹಾಕಿ, ಬರಹಗಾರರ ಸಂಘದಲ್ಲಿ ನೋಂದಾಯಿಸಿ, ಕಳಿಸಿದ್ದಕ್ಕೆ ಇ-ಮೇಲ್ ದಾಖಲೆ ಇಟ್ಟುಕೊಳ್ಳಿ. ಜೊತೆಗಾರನೊಂದಿಗೆ ಮೊದಲ ದಿನವೇ ಒಂದು ಪುಟದ ಒಪ್ಪಂದ ಮಾಡಿಕೊಂಡರೆ ಸ್ನೇಹಕ್ಕೇನೂ ಧಕ್ಕೆಯಿಲ್ಲ.

ಅಂದ ಹಾಗೆ ‘ಏಸ್ ಇನ್ ದಿ ಹೋಲ್’ ನೆಲಕಚ್ಚಿತು. ಸ್ಟುಡಿಯೊ ಅವನನ್ನು ಕೇಳದೆ ಚಿತ್ರದ ಹೆಸರನ್ನೇ ಬದಲಿಸಿತು. ನಿರ್ದೇಶಕನಾದರೆ ಯಾರೂ ಕೈಹಾಕುವುದಿಲ್ಲ ಎಂಬ ನಿಮ್ಮ ನಂಬಿಕೆಗೆ ಇದು ಉತ್ತರ. ಇನ್ನೂ ಕಹಿಯಾದದ್ದು 1970ರಲ್ಲಿ. ಷರ್ಲಾಕ್ ಹೋಮ್ಸ್ ಬಗ್ಗೆ ಮೂರು ಗಂಟೆ ಮೀರಿದ ಚಿತ್ರ ಮಾಡಿದ್ದ. ವಿತರಕರ ಒತ್ತಡಕ್ಕೆ ಎರಡು ಗಂಟೆಗೆ ಇಳಿಯಿತು, ಇಡೀ ಇಡೀ ಪ್ರಸಂಗಗಳು ಹೋದವು. ಆಗ ಅವನ ಮನೆಯಲ್ಲಿ ಆರು ಆಸ್ಕರ್‌ಗಳಿದ್ದವು. 1981ರ ನಂತರ ಅವನಿಗೆ ಚಿತ್ರವೇ ಸಿಗಲಿಲ್ಲ. 2002ರ ಮಾರ್ಚ್‌ನಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡ.

ನಿರ್ದೇಶನಕ್ಕೆ ಇಳಿಯಬಹುದೇ ಎಂದರೆ, ಇಳಿಯಬಹುದು, ಆದರೆ ಈ ವರ್ಷ ಬೇಡ. ಮೊದಲು ನಿಮ್ಮದೇ ಚಿತ್ರದ ಸೆಟ್ಟಿಗೆ ಹೋಗಿ ಕೂರಲು ಅನುಮತಿ ಕೇಳಿ. ಹಾಕ್ಸ್ ಕೊಟ್ಟಂತೆ ನಿಮ್ಮ ನಿರ್ದೇಶಕರೂ ಕೊಟ್ಟಾರು. ಸಂಕಲನದ ಕೋಣೆಯಲ್ಲಿ ಒಂದು ಚಿತ್ರ ಪೂರ್ತಿ ಕೂತು ನೋಡಿ, ನಿಮ್ಮ ಸಾಲು ಯಾವ ಕಾರಣಕ್ಕೆ ಹೋಗುತ್ತದೆ ಎಂದು ಪ್ರತಿ ಸಲ ಕೇಳಿ ತಿಳಿದುಕೊಳ್ಳಿ. ನಿಮಗಿಂತ ತೀರಾ ಬೇರೆ ಸ್ವಭಾವದ ಒಬ್ಬರ ಜೊತೆ ಒಂದು ಚಿತ್ರಕಥೆ ಬರೆಯಿರಿ. ‘ದಿ ಅಪಾರ್ಟ್‌ಮೆಂಟ್’ ನೋಡಿಲ್ಲವಾದರೆ ಈ ವಾರವೇ ನೋಡಿ. ಎರಡನೆಯ ಸಲ ನೋಡುವಾಗ ಪೆನ್ನು ಹಿಡಿದು, ಮೂರು ವಸ್ತುಗಳು ಎಲ್ಲೆಲ್ಲಿ ಬಂದು ಹೋಗುತ್ತವೆ ಎಂದು ಗುರುತು ಹಾಕಿಕೊಳ್ಳಿ: ಕನ್ನಡಿ, ಮನೆಯ ಕೀಲಿಕೈ, ಕಚೇರಿಯಲ್ಲಿ ದೊಡ್ಡ ಅಧಿಕಾರಿಗಳಿಗಷ್ಟೇ ಸಿಗುವ ಶೌಚಾಲಯದ ಕೀಲಿಕೈ. ಕೊನೆಗೆ ಬ್ಯಾಕ್ಸ್‌ಟರ್ ಶೆಲ್ಡ್ರೇಕ್‌ನ ಮೇಜಿನ ಮೇಲೆ ಯಾವ ಕೀಲಿಯನ್ನು ಇಡುತ್ತಾನೆ ನೋಡಿ, ಆಮೇಲೆ ನಿಮ್ಮ ಚಿತ್ರಕಥೆಯ ಮೊದಲ ಮೂವತ್ತು ಪುಟ ತೆಗೆದುಕೊಂಡು ಕೂರಿ.